ಆಲ್ಕೋಹಾಲ್‌ಗೆ ಹೆಸರಿಡುವುದು: ಎಣಿಕೆ ಯಾವ ತುದಿಯಿಂದ, ಸರಪಳಿ ಯಾವುದು?

[ಪರದೆಯಲ್ಲಿ: ಐದು ಕಾರ್ಬನ್‌ಗಳ ಸರಪಳಿ. ಎಡದಿಂದ ಎರಡನೆಯದರ ಮೇಲೆ ಮೀಥೈಲ್ (ಒಂದು ಕಾರ್ಬನ್‌ನ ಕವಲು), ನಾಲ್ಕನೆಯದರ ಮೇಲೆ ಓಎಚ್ (ಆಲ್ಕೋಹಾಲ್‌ನ ಗುರುತಾದ ಆಮ್ಲಜನಕ-ಹೈಡ್ರೋಜನ್ ಗುಂಪು).]

ನಮಸ್ಕಾರ. ಈ ಅಣುವನ್ನು ಎಡದಿಂದ ಎಣಿಸಿದರೂ 2, 4. ಬಲದಿಂದ ಎಣಿಸಿದರೂ 2, 4. ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಓಎಚ್ ಹತ್ತಿರವಿರುವ ತುದಿಯಿಂದ. ಇಲ್ಲಿ ಅದು ಬಲತುದಿ. ಹೆಸರು 4-ಮೀಥೈಲ್‌ಪೆಂಟನ್-2-ಆಲ್.

ಎಡದಿಂದ ಓದುವ ಅಭ್ಯಾಸದಲ್ಲಿ 2-ಮೀಥೈಲ್‌ಪೆಂಟನ್-4-ಆಲ್ ಎಂದು ಬರೆದುಬಿಡುವವರು ತುಂಬಾ ಜನ. ರಾಸಾಯನಿಕಗಳ ಹೆಸರಿನ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿಯ ನಿಯಮದ ಪ್ರಕಾರ ಚಿಕ್ಕ ಸಂಖ್ಯೆ ಮೊದಲು ಸಿಗಬೇಕಾದದ್ದು ಓಎಚ್‌ಗೆ. ಮೀಥೈಲ್, ಕ್ಲೋರೊ, ದ್ವಿಬಂಧ, ಎಲ್ಲವೂ ಅದರ ನಂತರ.

[ಪರದೆಯಲ್ಲಿ: ನಡುವೆ ಒಂದು ಕಾರ್ಬನ್. ಅದರಿಂದ ಮೂರು ಕವಲು: ಪ್ರೊಪೈಲ್ (ಮೂರು ಕಾರ್ಬನ್), ಈಥೈಲ್ (ಎರಡು ಕಾರ್ಬನ್), ಓಎಚ್ ಹೊತ್ತ ಒಂದು ಕಾರ್ಬನ್.]

ಈಗ ನಿಜವಾಗಿ ಅಂಕ ಕಳೆಯುವ ಜಾಗಕ್ಕೆ ಬರೋಣ. ಅತಿ ಉದ್ದದ ಸರಪಳಿ ಹುಡುಕಿ ಎಂದರೆ ಕಣ್ಣು ನೇರ ಪ್ರೊಪೈಲ್‌ನಿಂದ ಈಥೈಲ್ ಕಡೆಗೆ ಓಡುತ್ತದೆ. ಮೂರು, ಒಂದು, ಎರಡು, ಒಟ್ಟು ಆರು, ಹೆಕ್ಸೇನ್! ಆದರೆ ಓಎಚ್ ಹಿಡಿದಿರುವ ಕಾರ್ಬನ್ ಈ ಆರರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಈ ಸರಪಳಿ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಓಎಚ್ ಇರುವ ಕಾರ್ಬನ್ ಮೇಲೆ ಬೆರಳಿಡಿ, ಅದನ್ನು ಒಳಗೊಂಡ ಸರಪಳಿಗಳಲ್ಲಿ ಮಾತ್ರ ಉದ್ದವಾದದ್ದನ್ನು ಆರಿಸಿ. ಐದು ಕಾರ್ಬನ್ ಸಿಗುತ್ತದೆ. ಈಥೈಲ್ ಕವಲಾಗಿ ಉಳಿಯುತ್ತದೆ. ಹೆಸರು 2-ಈಥೈಲ್‌ಪೆಂಟನ್-1-ಆಲ್.

ಹೆಸರಿನ ಕೊನೆಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಕಾಗುಣಿತದಲ್ಲಿ ಆಲ್ಕೇನ್ (ಒಂಟಿ ಬಂಧಗಳಷ್ಟೇ ಇರುವ ಹೈಡ್ರೋಕಾರ್ಬನ್) ಹೆಸರಿನ ಕೊನೆಗೆ ಒಂದು 'ಇ' ಅಕ್ಷರವಿದೆ. 'ಆಲ್' ಸೇರಿಸುವಾಗ ಅದನ್ನು ಬಿಡಬೇಕು, ಏಕೆಂದರೆ ಮುಂದೆ ಬರುವುದು ಸ್ವರ. ಎರಡು ಓಎಚ್ ಇದ್ದಾಗ ಬರುವ 'ಡಯಾಲ್' ಶುರುವಾಗುವುದು ವ್ಯಂಜನದಿಂದ, ಹಾಗಾಗಿ ಅಲ್ಲಿ 'ಇ' ಉಳಿಯುತ್ತದೆ: ಈಥೇನ್-1,2-ಡಯಾಲ್. ಕನ್ನಡದಲ್ಲಿ ಬರೆದಾಗ ಈ ವ್ಯತ್ಯಾಸ ಅಷ್ಟಾಗಿ ಕಾಣದು, ಇಂಗ್ಲಿಷಿನಲ್ಲಿ ಉತ್ತರ ಬರೆಯುವವರು ಗಮನಿಸಿ.

[ಪರದೆಯಲ್ಲಿ: ನಾಲ್ಕು ಕಾರ್ಬನ್. ಎಡತುದಿಯಲ್ಲಿ ದ್ವಿಬಂಧ, ಬಲದಿಂದ ಎರಡನೆಯದರ ಮೇಲೆ ಓಎಚ್.]

ದ್ವಿಬಂಧ ತುದಿಯಲ್ಲೇ ಇದೆ, ಎಡದಿಂದ ಎಣಿಸಿದರೆ ಅದಕ್ಕೆ 1 ಸಿಗುತ್ತಿತ್ತು. ಆದರೂ ಎಣಿಕೆ ಬಲದಿಂದಲೇ: ಬ್ಯುಟ್-3-ಈನ್-2-ಆಲ್. ಉಂಗುರವಾದರೆ ಓಎಚ್ ಇರುವ ಕಾರ್ಬನ್ನೇ 1. ಸೈಕ್ಲೋಹೆಕ್ಸನಾಲ್‌ನಲ್ಲಿ ಆ 1 ಅನ್ನು ಬರೆಯುವುದೂ ಬೇಡ.

ಓಎಚ್‌ಗಿಂತ ಮೇಲಿನವರೂ ಇದ್ದಾರೆ. ಕಾರ್ಬಾಕ್ಸಿಲಿಕ್ ಆಮ್ಲ, ಆಲ್ಡಿಹೈಡ್ ಅಥವಾ ಕೀಟೋನ್ ಅದೇ ಅಣುವಿನಲ್ಲಿದ್ದರೆ 'ಆಲ್' ಹೋಗಿ, ಮುಂದುಗಡೆ 'ಹೈಡ್ರಾಕ್ಸಿ' ಬರುತ್ತದೆ. ಲ್ಯಾಕ್ಟಿಕ್ ಆಮ್ಲದ ಹೆಸರು 2-ಹೈಡ್ರಾಕ್ಸಿಪ್ರೊಪನೋಯಿಕ್ ಆಮ್ಲ ಆಗಿರುವುದು ಇದರಿಂದಲೇ.

'ಐಸೊಪ್ರೊಪನಾಲ್' ಎಂಬ ಹೆಸರು ಬಾಟಲಿಗಳ ಮೇಲೂ ಕಾಣುತ್ತದೆ. ಆದರೆ ಐಸೊಪ್ರೊಪೇನ್ ಎಂಬ ಆಲ್ಕೇನ್ ಇಲ್ಲ, ಹಾಗಾಗಿ ಅದರಿಂದ 'ಆಲ್' ಕಟ್ಟಲಾಗದು. ಐಸೊಪ್ರೊಪೈಲ್ ಆಲ್ಕೋಹಾಲ್ ಎನ್ನಿ, ಇಲ್ಲವೇ ಪ್ರೊಪನ್-2-ಆಲ್ ಎನ್ನಿ; ಎರಡನ್ನೂ ಬೆರೆಸಬೇಡಿ.

[ಪರದೆಯಲ್ಲಿ: 2-ಈಥೈಲ್‌ಪ್ರೊಪನ್-1-ಆಲ್?]

ಬರೆದ ಹೆಸರು ಸರಿಯೇ ಎಂದು ನೋಡಲು ಅದರಿಂದಲೇ ರಚನೆಯನ್ನು ಮತ್ತೆ ಬಿಡಿಸಿ. ಇದನ್ನು ಬಿಡಿಸಿದರೆ ಓಎಚ್ ಕಾರ್ಬನ್‌ನಿಂದ ಹೊರಟು ಈಥೈಲ್ ತುದಿಯವರೆಗೆ ನಾಲ್ಕು ಕಾರ್ಬನ್ ಸಿಗುತ್ತವೆ, ಮೂರಲ್ಲ. ಕವಲಾಗಿ ಉಳಿಯುವುದು ಒಂದು ಮೀಥೈಲ್ ಮಾತ್ರ. ಸರಿಯಾದ ಹೆಸರು 2-ಮೀಥೈಲ್‌ಬ್ಯುಟನ್-1-ಆಲ್.