ಮನೆಗೆ ಮುಂಗಡ ಕೊಡುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೆಂಗಳೂರಿನಲ್ಲಿ ಜಾಗ ಕೊಳ್ಳುವವರು ಏನೇನು ನೋಡುತ್ತಾರೆ? ತಾಯಿಪತ್ರ, ಖಾತೆ, ಕಂದಾಯದ ರಸೀದಿ. ಜೊತೆಗೆ ಮೂವತ್ತು ವರ್ಷದ ಋಣಭಾರ ಪತ್ರ, ಅಂದರೆ ಇಸಿ. ಜಾಗ ಯಾರಿಗೆ ಅಡವಾಗಿತ್ತು, ಸಾಲ ತೀರಿತೇ ಎಂಬುದು ಅದರಲ್ಲಿ ತಿಳಿಯುತ್ತದೆ. ಬ್ಯಾಂಕಿನ ಮಟ್ಟಿಗೆ ನಿಮಗೂ ಒಂದು ಇಸಿ ಇದೆ. ಅದೇ ಕ್ರೆಡಿಟ್ ವರದಿ, ಅಂದರೆ ನಿಮ್ಮ ಸಾಲಗಳ, ಕಂತು ಕಟ್ಟಿದ ರೀತಿಯ ದಾಖಲೆ. ಜಾಗದ ಇಸಿ ನೋಡದೆ ರೂಪಾಯಿ ಬಿಚ್ಚದವರು ತಮ್ಮ ಇಸಿ ನೋಡದೆ ಲಕ್ಷಗಟ್ಟಲೆ ಮುಂಗಡ ಕೊಟ್ಟು ಬರುತ್ತಾರೆ. ಗೃಹಸಾಲದ ವಿಭಾಗದಲ್ಲಿ ಕುಳಿತಷ್ಟು ವರ್ಷವೂ ನಾನು ಇದನ್ನೇ ಕಂಡೆ. ಇವತ್ತು ಹೇಳುವುದೂ ಇದೊಂದನ್ನೇ: ಮುಂಗಡ ಕೊಡುವ ಮೊದಲು ನಿಮ್ಮ ವರದಿ ನೋಡಿ.

ಪೀಣ್ಯದ ಕಾರ್ಖಾನೆಯೊಂದರ ಮೇಲ್ವಿಚಾರಕರು ಒಮ್ಮೆ ಹೆಂಡತಿಯ ಜೊತೆ ಬಂದರು. ಕೆಂಗೇರಿಯ ಹತ್ತಿರ ಮನೆ, ಎರಡು ಲಕ್ಷ ಮುಂಗಡ, ಮೂರು ತಿಂಗಳ ಕರಾರು. ಆಕೆ ಬಟ್ಟೆಯ ಚೀಲದಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದರು. ಎಲ್ಲವೂ ಅಚ್ಚುಕಟ್ಟು. ನಾನು ಗಂಡನ ಪ್ಯಾನ್ ಸಂಖ್ಯೆ ಹಾಕಿ ನೋಡಿದರೆ, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಬರೀ 618!

‘ಸಾರ್, ನಾನು ಜೀವನದಲ್ಲಿ ಸಾಲವನ್ನೇ ಮಾಡಿಲ್ಲ’ ಎಂದರು. ನಿಜವೇ. ಆದರೆ ಷಡ್ಡಕನ ಆಟೋ ಸಾಲಕ್ಕೆ ಜಾಮೀನು ಹಾಕಿದ್ದರು. ಷಡ್ಡಕ ಐದು ಕಂತು ತಪ್ಪಿಸಿ, ಆಮೇಲೆ ಬಡ್ಡಿಸಮೇತ ತೀರಿಸಿದ್ದ. ಸಾಲ ಕೊಟ್ಟ ಸಂಸ್ಥೆ ಮಾತ್ರ ಆ ಸಾಲ ತೀರಿದ್ದನ್ನು ಕ್ರೆಡಿಟ್ ವರದಿ ತಯಾರಿಸುವವರಿಗೆ ತಿಳಿಸಿರಲೇ ಇಲ್ಲ. ವರದಿಯಲ್ಲಿ ಬಾಕಿ ಹಾಗೆಯೇ ಕುಳಿತಿತ್ತು. ಜಾಮೀನು ಎಂದರೆ ಬರೀ ಸಹಿಯಲ್ಲ, ಕೇಳುಗರೇ, ಆ ಸಾಲ ನಿಮ್ಮ ವರದಿಗೂ ಬರುತ್ತದೆ.

ಗಂಡ ತಲೆಯ ಮೇಲೆ ಕೈಹೊತ್ತು ಕುಳಿತರೆ, ಆಕೆ ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದರು. ‘ಭಾವನ ಹತ್ತಿರ ಸಾಲ ತೀರಿದ ಕಾಗದ ಇರಬೇಕು, ಹುಡುಕು.’ ಮರುದಿನ ಸಿಕ್ಕಿತು. ಆಟೋದ ಸೀಟಿನ ಕೆಳಗೆ, ವಿಮೆಯ ಕಾಗದದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ, ನಾಲ್ಕು ಮಡಿಕೆಯಾಗಿ. ಅದನ್ನು ಲಗತ್ತಿಸಿ ದೂರು ಕೊಟ್ಟರು. ತಿದ್ದುಪಡಿಯಾಗಿ ಸಾಲ ಮಂಜೂರಾಗುವಾಗ ಕರಾರಿನ ಗಡುವಿಗೆ ಆರೇ ದಿನ ಉಳಿದಿತ್ತು. ಆ ಮೂರು ತಿಂಗಳು ಅವರಿಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ವರದಿಯನ್ನು ಮೊದಲೇ ನೋಡಿದ್ದರೆ ಇಷ್ಟೂ ಸಂಕಟ ತಪ್ಪುತ್ತಿತ್ತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಬ್ಯಾಂಕಿನವರ ಮುಖ ಅರಳುತ್ತದೆ. ಅಂಕ ಕಡಿಮೆಯಾದರೆ ಸಾಲ ಸಿಕ್ಕರೂ ಬಡ್ಡಿ ಏರುತ್ತದೆ. 40 ಲಕ್ಷ ಸಾಲ, 20 ವರ್ಷ ಎಂದುಕೊಳ್ಳಿ. ಎಂಟೂವರೆಯ ಬದಲು ಒಂಬತ್ತು ಪರ್ಸೆಂಟ್ ಆದರೆ ಕಂತು ತಿಂಗಳಿಗೆ ಸುಮಾರು 1,275 ರೂಪಾಯಿ ಹೆಚ್ಚು. ಕೊನೆಗೆ ಮೂರು ಲಕ್ಷ ಕೈಬಿಟ್ಟು ಹೋಗುತ್ತದೆ. ಅಡುಗೆಮನೆಯ ಮರಗೆಲಸಕ್ಕಾಗುವ ದುಡ್ಡು!

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಎಂದರೆ ಹಿಗ್ಗಬೇಡಿ. ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ, ಬ್ಯಾಂಕುಗಳು ಅದನ್ನು ಪೂರ್ತಿ ತೀರಿದ ಸಾಲವೆಂದು ಎಣಿಸುವುದಿಲ್ಲ. ಒಂದೇ ವಾರದಲ್ಲಿ ಐದು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ, ಅದೂ ಅಂಕವನ್ನು ತಗ್ಗಿಸುತ್ತದೆ.

ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಕಡಿಮೆಯಾಗುತ್ತದೆ ಎಂದು ಯಾರು ಹಬ್ಬಿಸಿದರೋ! ಆಗುವುದಿಲ್ಲ, ಖಂಡಿತ ಆಗುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂದು ಈ ವರದಿ ತಯಾರಿಸುವ ನಾಲ್ಕು ಸಂಸ್ಥೆಗಳಿವೆ. ವರ್ಷಕ್ಕೊಂದು ಪೂರ್ಣ ವರದಿಯನ್ನು ಪ್ರತಿಯೊಂದೂ ಉಚಿತವಾಗಿ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ತಪ್ಪಿದ್ದರೆ ಆನ್‌ಲೈನಿನಲ್ಲೇ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು, ಈ ನಿಯಮ 2024ರಿಂದ ಜಾರಿಯಲ್ಲಿದೆ.

ಗಂಡ ಹೆಂಡತಿ ಕೂಡಿ ಸಾಲ ಕೇಳುವಿರಾದರೆ ಇಬ್ಬರ ವರದಿಯನ್ನೂ ಇವತ್ತೇ ತೆಗೆಯಿರಿ. ಪ್ಯಾನ್ ಕಾರ್ಡ್ ಮತ್ತು ಮೊಬೈಲ್ ಹತ್ತಿರವಿಟ್ಟುಕೊಂಡರೆ ಹತ್ತು ನಿಮಿಷದ ಕೆಲಸ. ಮನೆ ಮಾರುವವರು ನಾಳೆ ಮುಂಗಡ ಕೇಳಿದರೆ ಒಂದು ವಾರ ತಾಳಿ ಎನ್ನಿ. ನಮಸ್ಕಾರ.