ಹೆಸರಿನ ಕೆಳಗಿನ ಎರಡು ಸಾಲು

ಕೇಳುಗರಿಗೆಲ್ಲ ಶರಣು.

ಕಥೆಯೋ ಕವಿತೆಯೋ ಓದಿ ಮುಗಿಸಿದ ಮೇಲೆ ಕೊನೆಯಲ್ಲಿ ಬರೆದವರ ಪರಿಚಯ ಇರುತ್ತದೆ. ಎರಡೇ ಸಾಲು. ಇಂಥ ಊರಿನವರು, ಇಂಥ ಪುಸ್ತಕ ಬಂದಿದೆ, ಇಂಥ ಬಹುಮಾನ ಸಿಕ್ಕಿದೆ. ಅದನ್ನು ನಿಂತು ಓದುವವರು ಕಡಿಮೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಎರಡು ಸಾಲಿನ ಬಗ್ಗೆಯೇ.

ಕಲಬುರಗಿಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಸಾಹಿತ್ಯ ಪತ್ರಿಕೆ ನಡೆಸುತ್ತೇವೆ. ಅಚ್ಚಾಗುವುದಿಲ್ಲ, ಫೋನಿನಲ್ಲೇ ಓದಬೇಕು. ಬೆನ್ನಿಗೆ ಯಾವ ಸಂಸ್ಥೆಯೂ ಇಲ್ಲ, ಜಾಹೀರಾತೂ ಇಲ್ಲ. ಬರೆದವರಿಗೆ ಕೊಡಲು ದುಡ್ಡಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೂ ಬರೆದು ಕಳಿಸುತ್ತಾರೆ. ಬಂದದ್ದನ್ನು ಓದಿ, ಕಾಗುಣಿತ ನೋಡಿ, ಪರಿಚಯ ಸೇರಿಸುವುದು ನನ್ನ ಪಾಲಿನ ಕೆಲಸ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಶುರುವಿನಲ್ಲೇ ಒಬ್ಬರ ಐದು ಪದ್ಯ ಬಂದವು. ಐದರಲ್ಲೂ ರಾತ್ರಿಯ ಹಳ್ಳಿ. ಗುಡಿ ಕಟ್ಟೆ, ಆರಿದ ದೀಪ, ದೂರದಲ್ಲಿ ಕೆಮ್ಮುವ ಮುದುಕ. ಪರಿಚಯದ ಜಾಗ ಮಾತ್ರ ಖಾಲಿ. ಫೋನ್ ಮಾಡಿದೆ. ಅವರು ಬಸ್ ಕಂಡಕ್ಟರ್. ಅವರದು ವಸ್ತಿ ಬಸ್ಸು. ನಮ್ಮ ಭಾಗದವರಿಗೆ ವಸ್ತಿ ಬಸ್ಸು ಅಂದರೆ ಬೇರೆ ಹೇಳಬೇಕಿಲ್ಲ. ಸಂಜೆ ಇಲ್ಲಿಂದ ಹೊರಟು, ಕೊನೆಯ ಹಳ್ಳಿಯಲ್ಲಿ ರಾತ್ರಿ ನಿಂತು, ಬೆಳಗ್ಗೆ ಹಾಲಿನ ಕ್ಯಾನು, ಕಾಲೇಜಿನ ಹುಡುಗಿಯರು, ಕೋರ್ಟಿನ ತಾರೀಖಿಗೆ ಹೊರಟವರು, ಎಲ್ಲರನ್ನೂ ತುಂಬಿಕೊಂಡು ವಾಪಸ್ಸು ಬರುವ ಬಸ್ಸು ಅದು. ಡ್ರೈವರ್ ಉಂಡು ಮಲಗುತ್ತಾರೆ. ಇವರು ಟಿಕೆಟಿನ ಲೆಕ್ಕ ಮುಗಿಸಿ, ಹಿಂದಿನ ಉದ್ದ ಸೀಟಿನ ಮೇಲೆ ಕೂತು ಬರೆಯುತ್ತಾರೆ.

“ಕಂಡಕ್ಟರ್ ಅಂತ ಹಾಕಬ್ಯಾಡ್ರಿ ಮೇಡಂ. ಕವಿ ಅಂತ ಅಷ್ಟೇ ಹಾಕ್ರಿ. ಮಂದಿ ಏನಂತಾರ?” ಅಂದರು.

ಅವರು ಹೇಳಿದಂತೆಯೇ ಹಾಕಿದೆ. ಆದರೆ ಮನಸ್ಸಿಗೆ ತುಂಬಾ ಬೇಜಾರಾಯಿತು. ಈ ಮಾತು ಬಂದಿರುವುದು ಯಾವ ನೆಲದಲ್ಲಿ ಅಂತ ಯೋಚಿಸಿ. ಇಲ್ಲಿಂದ ಬಸ್ಸು ಹತ್ತಿದರೆ ಬಸವಕಲ್ಯಾಣ ದೂರವಿಲ್ಲ. 12ನೇ ಶತಮಾನದಲ್ಲಿ ಅಲ್ಲಿ ಕೂತು ಮಾತಾಡಿದವರು, ಬರೆದವರು ಯಾರು? ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು. ಅವರ ಕೆಲಸ ಅವರ ಹೆಸರಿಗಿಂತ ಮುಂದೆ ನಿಂತಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ. ಅವರಿಗಿಂತಲೂ ಮೊದಲಿನವರಾದ ನೇಕಾರ ಜೇಡರ ದಾಸಿಮಯ್ಯನವರು ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನವರು. ಆಯ್ದಕ್ಕಿ ಅಂದರೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಅದೂ ಒಂದು ಕಾಯಕ. ಒಂದು ದಿನ ಗಂಡ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಕೂಡ ವಚನಕಾರ್ತಿ.

ಚೌಡಯ್ಯನವರ ವಿಷಯದಲ್ಲಿ ಇನ್ನೊಂದು ಮಾತಿದೆ. ಮಿಕ್ಕ ವಚನಕಾರರಲ್ಲಿ ಬಹಳ ಜನ ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ಇವರು ಇಟ್ಟದ್ದು ತಮ್ಮದೇ ಹೆಸರು, ಅದೂ ದೋಣಿಯ ಸಮೇತ. ಪ್ರತಿ ವಚನದ ಕೊನೆಗೆ ತಾನು ಅಂಬಿಗ ಅಂತ ಹೇಳಿಯೇ ಹೋಗುತ್ತಾರೆ. ಇದನ್ನು ಕಂಡಕ್ಟರ್ ಅವರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಎರಡು ತಿಂಗಳ ಮೇಲೆ ಬಂದ ಪದ್ಯದ ಕೆಳಗೆ ಅವರೇ ಬರೆದಿದ್ದರು: “ಜೇವರ್ಗಿ ಕಡೆ ವಸ್ತಿ ಬಸ್ಸಿನ ಕಂಡಕ್ಟರ್.”

ಆಳಂದ ಕಡೆಯಿಂದ ಒಬ್ಬ ತಂಗಿ ಕಥೆ ಕಳಿಸುತ್ತಾಳೆ. ಆಶಾ ಕಾರ್ಯಕರ್ತೆ. ಅವಳಿಗೆ ಕೂತು ಬರೆಯಲು ಪುರುಸೊತ್ತಿಲ್ಲ. ಮನೆ ಮನೆ ತಿರುಗುವಾಗ ದಾರಿಯಲ್ಲೇ ಕಥೆಯನ್ನು ಫೋನಿಗೆ ಹೇಳಿ ಇಟ್ಟುಕೊಳ್ಳುತ್ತಾಳೆ. ರಾತ್ರಿ ಅವಳ ಮಗಳು ಕೇಳಿ ಕೇಳಿ ಟೈಪು ಮಾಡುತ್ತಾಳೆ. ನಡುನಡುವೆ ನಾಯಿ ಬೊಗಳುವುದು, ಯಾರೋ “ಎಲ್ಲಿಗಿ ಹೊಂಟಿ?” ಅಂತ ಕೇಳುವುದು ಎಲ್ಲ ಅದರಲ್ಲಿ ಇರುತ್ತದಂತೆ.

ಅವಳ ಮೊದಲ ಕಥೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅವಳು “ಹಡದಾಕಿ” ಅಂತ ಬರೆದಿದ್ದಳು. ಪುಸ್ತಕದ ಕನ್ನಡದಲ್ಲಿ ಇರಲಿ ಅಂತ ನಾನು “ಬಾಣಂತಿ” ಅಂತ ತಿದ್ದಿದೆ. ಪ್ರಕಟವಾದ ದಿನವೇ ಫೋನು ಬಂತು.

“ಅಕ್ಕ, ಬಾಣಂತಿ ಅಂದ್ರ ಹಾಸಿಗಿ ಮ್ಯಾಲ ಮಲಗಿ ಕಾಸಿಕೊಳ್ಳಾಕಿ. ನನ್ನ ಕಥಿಯಾಗಿನಾಕಿ ಹಡದು ಹತ್ತು ದಿನಕ್ಕ ತೊಗರಿ ಕೊಯ್ಯಾಕ ಹೋದಾಕಿ. ಆಕಿಗಿ ಬಾಣಂತಿ ಅಂತ ಹ್ಯಾಂಗ ಅಂತೀರಿ?”

ನನಗೆ ಉತ್ತರ ಇರಲಿಲ್ಲ. ಆ ಎರಡು ಮಾತಿನ ನಡುವೆ ಒಂದು ಹೆಣ್ಣಿನ ಇಡೀ ಬದುಕಿನ ಅಂತರ ಇತ್ತು. ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಅದು ಗೊತ್ತಿರಲಿಲ್ಲ, ಮನೆಮನೆಯ ಕತ್ತಲ ಕೋಣೆ ನೋಡಿದವಳಿಗೆ ಗೊತ್ತಿತ್ತು. ಅವತ್ತೇ ಮತ್ತೆ “ಹಡದಾಕಿ” ಮಾಡಿದೆ. ಆಮೇಲಿಂದ ಕಾಗುಣಿತ ಬಿಟ್ಟು ಒಂದು ಪದ ಬದಲಿಸಬೇಕಾದರೂ ಕೇಳಿಯೇ ಬದಲಿಸುತ್ತೇನೆ. ಬರೆಯುವವರು ಏನು ಕೆಲಸ ಮಾಡುತ್ತಾರೆ ಅಂತ ಗೊತ್ತಿರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಅವರ ಮಾತು ಎಲ್ಲಿಂದ ಬಂತು ಅಂತ ಆ ಎರಡು ಸಾಲು ಹೇಳುತ್ತದೆ.

ಗಂಜ್ ಅಂದರೆ ನಮ್ಮ ಕಡೆ ಕಾಳಿನ ಮಾರುಕಟ್ಟೆ. ಅಲ್ಲಿನ ಅಡತಿ ಅಂಗಡಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದಾರೆ. ತೊಗರಿ ಬರುವ ದಿನಗಳಲ್ಲಿ ಅವರಿಂದ ಒಂದು ಅಕ್ಷರವೂ ಬರುವುದಿಲ್ಲ. ನಾವೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಗಂಜ್ ಖಾಲಿಯಾದಾಗ ಲೇಖನ ಬರುತ್ತದೆ. ಕಾಳು ಹಸಿಯೋ ಒಣಗಿದ್ದೋ ಅಂತ ಹಲ್ಲಿನಲ್ಲಿ ಕಚ್ಚಿ ನೋಡುವ ವ್ಯಾಪಾರಿ, ದರ ಕೂಗುವಾಗ ನೆಲ ನೋಡುತ್ತಾ ನಿಲ್ಲುವ ರೈತ, ಇಬ್ಬರನ್ನೂ ಅವರು ಹತ್ತಿರದಿಂದ ಕಂಡವರು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಪೇಪರಿನಲ್ಲಿ ಅದು ಒಂದು ಸುದ್ದಿ. ಇವರ ಬರಹದಲ್ಲಿ ಆ ಕಾಳಿಗೆ ವಾಸನೆ ಇದೆ, ಧೂಳಿದೆ, ಸಾಲ ಇದೆ.

ಇನ್ನೊಬ್ಬರು ಟೇಲರ್. ಮನೆಮಾತು ಉರ್ದು, ಬರೆಯುವುದು ಕನ್ನಡ. ಯಾರಾದರೂ ಇದನ್ನು ಆಶ್ಚರ್ಯದಿಂದ ಹೇಳಿದರೆ ಅವರಿಗೆ ನೋವಾಗುತ್ತದೆ. ಆ ನೋವು ನ್ಯಾಯವಾದದ್ದು. ತತ್ವಪದಕಾರರಾದ ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು, ಕನ್ನಡದಲ್ಲೇ ತತ್ವಪದ ಕಟ್ಟಿದವರು. ಅವರ ಪದಗಳನ್ನು ಏಕತಾರಿ ಹಿಡಿದು ಹಾಡುವ ಭಜನೆ ಮೇಳಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇವೆ. ನಿಜಾಮರ ಆಳ್ವಿಕೆ ಇದ್ದ 1948ರವರೆಗೆ ಈ ಕಡೆಯ ಎಷ್ಟೋ ಕನ್ನಡದ ಮಕ್ಕಳು ಉರ್ದುವಿನಲ್ಲಿ ಓದಿದರು. ಎರಡು ಭಾಷೆ ಒಂದೇ ಅಂಗಳದಲ್ಲಿ ಆಡಿ ಬೆಳೆದ ಊರು ಇದು, ಅಲ್ವಾ?

ಗೀತಾ ನಾಗಭೂಷಣ ಅವರನ್ನು ನೆನೆಯದೆ ಈ ಮಾತು ಮುಗಿಸಲು ನನಗಾಗುವುದಿಲ್ಲ. ಸಾವಳಗಿಯಲ್ಲಿ ಹುಟ್ಟಿದವರು. ತಂದೆ ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನಲ್ಲಿ ಕೂಲಿಗಿದ್ದವರು. ಬಡತನದಲ್ಲಿ ಓದಿ, ನೌಕರಿ ಮಾಡುತ್ತಲೇ ಮುಂದೆ ಓದಿ, ಪಾಠ ಹೇಳುತ್ತಾ ಬರೆದರು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮಿಲ್ಲಿನ ಕೆಲಸಗಾರರ ಓಣಿಯ ಮಾತು, ಬೈಗುಳ, ಹಸಿವು ಯಾವುದನ್ನೂ ಅವರು ಮುಚ್ಚಿಡಲಿಲ್ಲ. 2020ರಲ್ಲಿ ತೀರಿಕೊಂಡಾಗ ನನಗೆ ನಮ್ಮ ಓಣಿಯ ಹಿರಿಯಕ್ಕ ಹೋದಂತಾಗಿತ್ತು.

ನಮಗೆ ಬರೆಯುವವರೆಲ್ಲ ಕಷ್ಟದಲ್ಲೇ ಇರುವವರು ಅಂತ ತಿಳಿಯಬೇಡಿ. ಡಾಕ್ಟರಿದ್ದಾರೆ, ಲೆಕ್ಚರರ್‌ಗಳಿದ್ದಾರೆ, ಅಧಿಕಾರಿಗಳೂ ಇದ್ದಾರೆ. 1987ರಲ್ಲಿ ಇದೇ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಸಿದ್ಧಯ್ಯ ಪುರಾಣಿಕರು ಐಎಎಸ್ ಅಧಿಕಾರಿಯಾಗಿದ್ದವರು. ಹಗಲು ಫೈಲು, ರಾತ್ರಿ ಪದ್ಯ. ಅವರಿಗೂ ದಿನಕ್ಕೆ ಇಪ್ಪತ್ನಾಲ್ಕೇ ತಾಸು ಇದ್ದದ್ದು.

ಕೊನೆಗೆ ಒಬ್ಬ ಹುಡುಗನ ಸುದ್ದಿ. ಅಫಜಲಪುರ ಕಡೆಯವನು. ಮಳೆ ಕೈಕೊಟ್ಟ ವರ್ಷ ಮನೆಯವರೆಲ್ಲ ದುಡಿಯಲು ಪುಣೆಗೆ ಹೋದರು, ಇವನೂ ಹೋದ. ಅಲ್ಲಿ ಕಟ್ಟುತ್ತಿರುವ ದೊಡ್ಡ ಬಿಲ್ಡಿಂಗಿಗೆ ವಾಚ್‌ಮನ್. ಸುತ್ತಲೂ ಮರಾಠಿ, ಹಿಂದಿ. ಕನ್ನಡ ಮಾತಾಡಲು ಸಿಗುವವರು ತಗಡಿನ ಶೆಡ್ಡಿನಲ್ಲಿ ಇರುವ ನಮ್ಮ ಕಡೆಯ ನಾಲ್ಕು ಮನೆಯವರು ಮಾತ್ರ. ರಾತ್ರಿ ಪಾಳಿಯಲ್ಲಿ ಎಚ್ಚರ ಇರಬೇಕಲ್ಲ, ಅದಕ್ಕೇ ಬರೆಯಲು ಶುರು ಮಾಡಿದೆ ಅಂತ ಹೇಳಿದ್ದ. ನಾಲ್ಕು ಬರಹ ಕಳಿಸಿದ. ನಾಲ್ಕರ ಕೆಳಗೂ “ಪುಣೆಯಲ್ಲಿ ವಾಚ್‌ಮನ್” ಅಂತ ತಾನೇ ಬರೆದಿದ್ದ, ನಾನು ಕೇಳಬೇಕಾಗಿ ಬರಲಿಲ್ಲ.

ನಿನ್ನೆ ಅವನಿಂದ ಐದನೆಯದು ಬಂದಿದೆ, ಜೊತೆಗೆ ಒಂದು ಸಣ್ಣ ಚೀಟಿ: “ಮೇಡಂ, ಬಿಲ್ಡಿಂಗ್ ಮುಗೀತು. ಈಗ ಬ್ಯಾರೆ ಕಡೆ ಲಿಫ್ಟ್ ನಡಸ್ತೀನಿ. ಪರಿಚಯದಾಗ ತಿದ್ದರಿ.”

ಇವತ್ತು ರಾತ್ರಿ ಅದನ್ನು ತಿದ್ದಬೇಕು. ಎಲ್ಲರಿಗೂ ಶರಣು.