ಒಂದು ತಗಡಿನ ರಿಪೇರಿ

ನಮಸ್ಕಾರ. ಹತ್ತು ವರ್ಷ ಹಳೆಯ ಡೀಸೆಲ್ ಕಾರನ್ನು ಬೆಳಗಾವಿಯ ನಾಲ್ಕು ಗ್ಯಾರೇಜುಗಳಿಗೆ ಒಯ್ದು, ‘ಪಿಕಪ್ ಇಲ್ಲ’ ಎಂದು ಹೇಳಿ ನೋಡಿ. ‘ಸಾವಕಾರರೇ, ಇಜಿಆರ್ ಬಂದ್ ಮಾಡಿಬಿಡೋಣ, ಗಾಡಿ ಹಾರುತ್ತದೆ’ ಎನ್ನುವ ಮೇಸ್ತ್ರಿ ಒಬ್ಬನಾದರೂ ಸಿಗುತ್ತಾನೆ. ದಾರಿ ಮುಚ್ಚಲು ಗ್ಯಾಸ್ಕೆಟ್ ಅಳತೆಗೆ ಕತ್ತರಿಸಿದ ತಗಡು, ಎರಡು ಬೋಲ್ಟು, ಕೆಲಸ ಮುಗಿಯಿತು. ಈ ರಿಪೇರಿ ನನಗೆ ಒಪ್ಪಿಗೆಯಿಲ್ಲ.

ಮಾಲೀಕರ ಸಂಕಟ ಸುಳ್ಳಲ್ಲ. ಸೈಲೆನ್ಸರಿಗೆ ಹೋಗಬೇಕಾದ ಹೊಗೆಯಲ್ಲಿ ಒಂದಿಷ್ಟನ್ನು ಮರಳಿ ಎಂಜಿನ್ನಿಗೇ ಕಳಿಸುವ ವಾಲ್ವ್ ಈ ಇಜಿಆರ್. ಆ ಹೊಗೆಯ ಮಸಿ ಆಯಿಲಿನ ಆವಿಯೊಂದಿಗೆ ಬೆರೆತು, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನ ಒಳಮೈಗೆ ಮೆತ್ತಿಕೊಳ್ಳುತ್ತದೆ. ಬಿಚ್ಚಿದರೆ, ಹೆಬ್ಬೆರಳು ತೂರಬೇಕಾದ ಕಡೆ ಕಿರುಬೆರಳೂ ತೂರುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೆರೆದರೆ ಡಾಂಬರಿನಂತೆ ಎದ್ದು ಬರುತ್ತದೆ. ಎಂಜಿನ್ ಮೇಲೆ ಭಾರ ಕಡಿಮೆಯಿದ್ದಾಗಲೇ ಈ ವಾಲ್ವ್ ಹೆಚ್ಚು ತೆರೆದಿರುತ್ತದೆ. ಹಾಗಾಗಿ ಖಡೇಬಜಾರಿಗೂ ಟಿಳಕವಾಡಿಗೂ ಎರಡನೇ ಗೇರಿನಲ್ಲೇ ತೆವಳುವ ಗಾಡಿಗೆ ಈ ರೋಗ ಬೇಗ ಹತ್ತುತ್ತದೆ.

ಹಾಗಿದ್ದರೂ ಕಂಪನಿಯವರು ಅದನ್ನು ಇಟ್ಟದ್ದೇಕೆ? ಸಿಲಿಂಡರಿನಲ್ಲಿ ತಾಪ ವಿಪರೀತ ಏರಿದರೆ ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ ಎರಡೂ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಒಮ್ಮೆ ಉರಿದ ಅನಿಲವನ್ನು ಬೆರೆಸಿದರೆ ಆಮ್ಲಜನಕ ತಗ್ಗಿ ಉರಿಯ ತಾಪ ಇಳಿಯುತ್ತದೆ. ತಗಡು ಬಡಿದರೆ ಮಸಿ ಕಡಿಮೆಯಾಗುತ್ತದೆ, ಈ ಆಕ್ಸೈಡ್ ಏರುತ್ತದೆ. ಕಣ್ಣಿಗೆ ಮಣ್ಣೆರಚುವುದು ಇದೇ. ಸೈಲೆನ್ಸರಿನ ಬಾಯಿ ಸ್ವಚ್ಛವಾಗಿ ಕಂಡು ಮಾಲೀಕ ಹಿಗ್ಗುತ್ತಾನೆ. ಹಿಂದೆ ಬರುತ್ತಿರುವ ಸ್ಕೂಟರಿನವನ ಶ್ವಾಸನಾಳ ಕೆರಳಿಸುವ ಅನಿಲ ಯಾರಿಗೂ ಕಾಣುವುದಿಲ್ಲ.

ಎಮಿಷನ್ ಟೆಸ್ಟ್ ಮಾಡುವ ಯಂತ್ರಕ್ಕೂ ಕಾಣುವುದಿಲ್ಲ! ಡೀಸೆಲ್ ಗಾಡಿಯನ್ನು ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿಸಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದಷ್ಟೇ ಅಳೆಯುತ್ತಾರೆ. ಬಿಎಸ್ 4 ಗಾಡಿಗೆ ಈ ತಡೆಯ ಮಿತಿ ಮೀಟರಿಗೆ 1.62. ನೈಟ್ರೋಜನ್ ಆಕ್ಸೈಡಿನ ಗೊಡವೆಯೇ ಅಲ್ಲಿಲ್ಲ. ‘ಪಾಸಾಯಿತಲ್ಲ, ಇನ್ನೇನು?’ ಎಂದು ಕೇಳುವವರು ಪಾಸಾಗಿರುವುದು ಯಾವ ಪರೀಕ್ಷೆ ಎಂದೂ ನೋಡಬೇಕು.

ಇನ್ನು ಗಾಡಿ ಹಾರುವ ಮಾತು. ವಂಟಮೂರಿ ಘಾಟ್ ಏರುವಾಗ ನೀವು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ, ಸರಿಯಿರುವ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ತಗಡಿನಿಂದ ಅಲ್ಲಿ ಹೆಚ್ಚಿನದೇನೂ ಸಿಗುವುದಿಲ್ಲ. ತಗಡು ಹಾಕಿದ ಮೇಲೆ ಪಿಕಪ್ ಬಂದಿತೆಂದರೆ ವಾಲ್ವ್ ಮಸಿ ಕಟ್ಟಿ ಅರೆತೆರೆದೇ ನಿಂತಿತ್ತು ಎಂದರ್ಥ. ಬಿಚ್ಚಿ ತೊಳೆದಿದ್ದರೂ ಅದೇ ಪಿಕಪ್ ಬರುತ್ತಿತ್ತು. ಆದರೆ ಅದು ಕೈ ಮೈ ಕಪ್ಪಾಗುವ, ಹೊತ್ತು ಹಿಡಿಯುವ ಕೆಲಸ. ಮೇಸ್ತ್ರಿಗೆ ಬೇಡ, ದುಡ್ಡು ಕೊಡುವವರಿಗೂ ಬೇಡ.

ಮೋಟಾರು ವಾಹನ ಕಾಯ್ದೆಯ 182ಎ(4) ಕಲಂ ಪ್ರಕಾರ, ನಿಯಮ ಮೀರಿ ಗಾಡಿಯನ್ನು ಮಾರ್ಪಡಿಸಿದರೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ಕಲಂ ಹೆಸರಿಸುವುದು ಮಾಲೀಕನನ್ನು.

ಹೊಗೆಯ ವಿಷ ತಗ್ಗಿಸುವ ಡಬ್ಬಿಯಾದ ಕ್ಯಾಟಲಿಟಿಕ್ ಕನ್ವರ್ಟರನ್ನು ‘ಖಾಲಿ’ ಮಾಡಿಸುವ ಚಾಳಿಯೂ ಇದೆ. ಒಳಗಿನ ಪಿಂಗಾಣಿ ದಿಂಡನ್ನು ಒಡೆದು ತೆಗೆದು, ಬರಿಯ ಡಬ್ಬಿಯನ್ನು ಮತ್ತೆ ಬೆಸೆಯುತ್ತಾರೆ. ‘ಅದು ಕಸ, ನಾವೇ ಎಸೆಯುತ್ತೇವೆ’ ಎನ್ನುತ್ತಾರೆ. ಆ ಕಸದ ಮೇಲಿರುವುದು ಪ್ಲಾಟಿನಂ, ಪಲ್ಲಾಡಿಯಂ ಲೇಪ. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ. ನಿಮ್ಮ ಮೇಸ್ತ್ರಿ ಇದನ್ನು ಸೂಚಿಸಿದರೆ, ಒಡೆದ ಚೂರುಗಳನ್ನೆಲ್ಲ ಚೀಲದಲ್ಲಿ ಕಟ್ಟಿ ನನ್ನ ಡಿಕ್ಕಿಯಲ್ಲೇ ಇಡಿ ಎಂದು ಹೇಳಿ. ಆಮೇಲೆ ಮಜೂರಿ ಎಷ್ಟು ಹೇಳುತ್ತಾನೆ, ಕೇಳಿ.